ಸಿಲಿಕೋನ್ ಹೀಲ್ ಪ್ಯಾಡ್ ಮೆತ್ತಗಿದ್ದರೆ ಸಾಕಾ? ಪಾದದ ಕೆಳಗೆ ಹೋಗುವ ವಸ್ತುವನ್ನು ಪರೀಕ್ಷಿಸುವ ಬಗೆ

ಹಿಮ್ಮಡಿ ನೋವು ಅಂತ ಹೇಳಿದರೆ ಸಾಕು, ಮೆಡಿಕಲ್ ಶಾಪಿನವರು ಒಂದು ಜೊತೆ ಸಿಲಿಕೋನ್ ಹೀಲ್ ಪ್ಯಾಡ್ ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಕೊಳ್ಳುವವರು ಮಾಡುವುದು ಒಂದೇ ಕೆಲಸ. ಹೆಬ್ಬೆರಳಿನಿಂದ ಅದುಮಿ ನೋಡುತ್ತಾರೆ. ಬೆರಳು ಒಳಗೆ ಹೋದರೆ ಮೆತ್ತಗಿದೆ, ಮೆತ್ತಗಿದ್ದರೆ ಒಳ್ಳೆಯದು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಆದರೆ ಬೆರಳು ಒತ್ತುವ ರೀತಿಯೇ ಬೇರೆ, ಹಿಮ್ಮಡಿ ಒತ್ತುವ ರೀತಿಯೇ ಬೇರೆ. ಬೆರಳು ಒಂದು ಸಣ್ಣ ಜಾಗವನ್ನು ನಿಧಾನವಾಗಿ ಒಂದೆರಡು ಸಲ ಒತ್ತುತ್ತದೆ. ಹಿಮ್ಮಡಿ ಪ್ಯಾಡಿನ ಬಹುಪಾಲು ಜಾಗದ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಇಡೀ ಮೈಭಾರದೊಂದಿಗೆ ಬೀಳುತ್ತದೆ. ಅದೂ ದಿನಕ್ಕೆ ಸಾವಿರಾರು ಸಲ, ಶೂ ಒಳಗಿನ ಬೆವರು, ಬಿಸಿ, ಇಕ್ಕಟ್ಟಿನ ನಡುವೆ. ಈ ಎರಡು ಒತ್ತಡಗಳಿಗೆ ಸಿಲಿಕೋನ್ ಒಂದೇ ಥರ ಉತ್ತರ ಕೊಡುವುದಿಲ್ಲ. ಬೆರಳಿಗೆ ಮೆತ್ತಗಿದ್ದದ್ದು ಪಾದದ ಕೆಳಗೆ ಕಲ್ಲಿನಂತೆ ಆಗಬಹುದು. ಇವತ್ತು ಚೆನ್ನಾಗಿದ್ದದ್ದು ಕೆಲವು ತಿಂಗಳಲ್ಲಿ ಚಪ್ಪಟೆಯಾಗಬಹುದು. ಇದನ್ನು ಮೊದಲೇ ತಿಳಿಯುವುದಕ್ಕೆ ಲ್ಯಾಬಿನಲ್ಲಿ ಹಲವು ಪರೀಕ್ಷೆಗಳಿವೆ. ಅವುಗಳಲ್ಲೂ ಕೆಲವು ಹೆಬ್ಬೆರಳಿನ ಪರೀಕ್ಷೆಗೆ ಹತ್ತಿರ, ಕೆಲವು ಪಾದಕ್ಕೆ ಹತ್ತಿರ. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಅಚ್ಚಾಗುವುದು ಮೊದಲ ಬಗೆಯದು. ನನ್ನ ತಕರಾರು ಇರುವುದೇ ಅಲ್ಲಿ.

ಸಿಲಿಕೋನ್ ಅಂದರೆ ಏನು ಅಂತ ಮೊದಲು ಚುಟುಕಾಗಿ ನೋಡೋಣ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಸೇರಿ ಉದ್ದನೆಯ ಸರಪಳಿಗಳಾಗುತ್ತವೆ. ಆ ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆದರೆ ರಬ್ಬರಿನಂಥ ವಸ್ತು ಸಿಗುತ್ತದೆ. ಬೆಸುಗೆ ಜಾಸ್ತಿ ಇದ್ದರೆ ಗಟ್ಟಿ, ಕಡಿಮೆ ಇದ್ದರೆ ಜೆಲ್. ಬೇಗ ಕಿತ್ತುಹೋಗದಿರಲಿ ಅಂತ ಅದಕ್ಕೆ ನುಣ್ಣನೆಯ ಸಿಲಿಕಾ ಪುಡಿ ಸೇರಿಸುತ್ತಾರೆ. ಇನ್ನೂ ಮೆತ್ತಗಾಗಲಿ ಅಂತ ಸಿಲಿಕೋನ್ ಎಣ್ಣೆ ಸೇರಿಸುವುದೂ ಉಂಟು. ಶೂ ಒಳಗಿನ ಬಿಸಿಗೆ ಸಿಲಿಕೋನ್ ಕೆಡುವುದಿಲ್ಲ. ಅದು ಸೊನ್ನೆಗಿಂತ 50 ಡಿಗ್ರಿ ಕೆಳಗಿನಿಂದ ಹಿಡಿದು ಸುಮಾರು 200 ಡಿಗ್ರಿ ಸೆಲ್ಸಿಯಸ್ ತನಕ ತನ್ನ ಗುಣ ಉಳಿಸಿಕೊಳ್ಳುತ್ತದೆ. ಚರ್ಮಕ್ಕೂ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ನೀರಲ್ಲಿ ತೊಳೆದು ಮತ್ತೆ ಬಳಸಬಹುದು.

ಕೊರತೆಗಳೂ ಇವೆ. ಇದು ಭಾರ. ಒಂದು ಘನ ಸೆಂಟಿಮೀಟರಿಗೆ ಸುಮಾರು 1.1 ಗ್ರಾಂ. ಇನ್‌ಸೋಲ್‌ಗಳಿಗೆ ಬಳಸುವ ಇವಿಎ ಎಂಬ ಹಗುರ ಫೋಮ್ ಅದರ ಕಾಲು ಭಾಗದಷ್ಟೂ ತೂಗದೆ ಇರಬಹುದು. ಸಿಲಿಕೋನ್ ಬೆವರು ಹೀರುವುದಿಲ್ಲ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದರೆ ಅಲ್ಲಿಂದ ಸುಲಭವಾಗಿ ಹರಿಯುತ್ತದೆ. ಈ ಎಲ್ಲದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶೋರ್ ಸಂಖ್ಯೆ ಹೇಳುವುದೆಷ್ಟು?

ಸಿಲಿಕೋನ್ ಬಗ್ಗೆ ಯಾರನ್ನೇ ಕೇಳಿ, "ಎಷ್ಟು ಶೋರ್?" ಅನ್ನುವ ಮಾತು ಮೊದಲು ಬರುತ್ತದೆ. ಶೋರ್ ಗಡಸುತನ ಅಳೆಯುವ ಉಪಕರಣದ ಹೆಸರು ಡ್ಯೂರೋಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕೆಳಗೆ ಒಂದು ಮೊಳೆ, ಅದರ ಹಿಂದೆ ಸ್ಪ್ರಿಂಗ್, ಮೇಲೆ ಒಂದು ಮುಳ್ಳು. ಶೋರ್ ಎ ಮಾಪಕದ ಮೊಳೆಯ ತುದಿ ಕೇವಲ 0.79 ಮಿ.ಮೀ. ಅಗಲ. ಅದನ್ನು ವಸ್ತುವಿನ ಮೇಲೆ ಒತ್ತಿ ಹಿಡಿದಾಗ ಮೊಳೆ 2.5 ಮಿ.ಮೀ. ಪೂರ್ತಿ ಒಳಗೆ ಇಳಿದರೆ ಅಂಕ 0, ಒಂಚೂರೂ ಇಳಿಯದಿದ್ದರೆ 100. ಜೆಲ್‌ನಂಥ ತೀರಾ ಮೆತ್ತನೆಯ ವಸ್ತುಗಳಿಗೆ ಶೋರ್ ಡಬಲ್ ಝೀರೋ ಎಂಬ ಬೇರೆ ಮಾಪಕವಿದೆ. ಅದರ ತುದಿ ದುಂಡಗಿರುತ್ತದೆ, ಸ್ಪ್ರಿಂಗ್ ತುಂಬ ಸಡಿಲ. ಹಾಗಾಗಿ ಮಾಪಕದ ಹೆಸರಿಲ್ಲದೆ ಬರೀ "30 ಶೋರ್" ಅಂದರೆ ಏನೂ ಹೇಳಿದಂತಾಗಲಿಲ್ಲ. ಶೋರ್ ಎ 30 ನಿಜಕ್ಕೂ ರಬ್ಬರ್. ಡಬಲ್ ಝೀರೋ 30 ಅಂದರೆ ಕೈಯಲ್ಲಿ ಅದುಮಿದರೆ ನಡುಗುವ ಜೆಲ್.

ಅಳತೆಗೂ ನಿಯಮಗಳಿವೆ. ಎಎಸ್‌ಟಿಎಂ ಡಿ2240 (ಎಎಸ್‌ಟಿಎಂ ಅಂದರೆ ವಸ್ತು ಪರೀಕ್ಷೆಯ ನಿಯಮಗಳನ್ನು ರೂಪಿಸುವ ಅಮೆರಿಕದ ಸಂಸ್ಥೆ) ಎಂಬ ಮಾನದಂಡದ ಪ್ರಕಾರ ಮಾದರಿ ಕನಿಷ್ಠ 6 ಮಿ.ಮೀ. ದಪ್ಪ ಇರಬೇಕು. ಅಂಚಿನಿಂದ 12 ಮಿ.ಮೀ. ಒಳಗೆ ಅಳೆಯಬೇಕು. ಒಂದೇ ಜಾಗದಲ್ಲಿ ಎರಡು ಸಲ ಚುಚ್ಚಬಾರದು, ಐದು ಕಡೆ ಅಳೆದು ನೋಡಬೇಕು. ಶೋರ್ ಎ ಮಾಪಕದಲ್ಲಿ 20ಕ್ಕಿಂತ ಕಡಿಮೆ ಬಂದ ಅಂಕವನ್ನು ನೆಚ್ಚಿಕೊಳ್ಳುವಂತಿಲ್ಲ, ಇನ್ನೂ ಮೆತ್ತನೆಯ ಮಾಪಕಕ್ಕೆ ಹೋಗಬೇಕು. 3 ಮಿ.ಮೀ. ಇನ್‌ಸೋಲ್ ಅನ್ನು ಹಾಗೇ ಮೇಜಿನ ಮೇಲಿಟ್ಟು ಅಳೆದರೆ ಮೊಳೆಗೆ ತಟ್ಟುವುದು ಅರ್ಧ ಸಿಲಿಕೋನ್, ಅರ್ಧ ಮೇಜು. ಅಂಕ ಸುಮ್ನೆ ಜಾಸ್ತಿ ಬರುತ್ತದೆ. ಒತ್ತಿದ ಎಷ್ಟು ಹೊತ್ತಿಗೆ ಓದಿದಿರಿ ಅನ್ನುವುದೂ ಮುಖ್ಯ. ಮೆತ್ತನೆಯ ಸಿಲಿಕೋನಿನ ಮೇಲೆ ಮುಳ್ಳು ನಿಲ್ಲುವುದೇ ಇಲ್ಲ, ಮೆಲ್ಲಗೆ ಕೆಳಗಿಳಿಯುತ್ತಾ ಇರುತ್ತದೆ. ಒಂದು ಸೆಕೆಂಡಿಗೆ ಒಂದು ಅಂಕ, ಹತ್ತು ಸೆಕೆಂಡಿಗೆ ಇನ್ನೊಂದು ಅಂಕ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಪರೀಕ್ಷೆ ಕೊನೆಗೆ ಹೆಬ್ಬೆರಳಿನ ಪರೀಕ್ಷೆಯ ತಮ್ಮನೇ. ಒಂದು ಚುಕ್ಕೆಯಲ್ಲಿ ಚುಚ್ಚುತ್ತದೆ. ಸುತ್ತಲಿನ ವಸ್ತುವಿಗೆ ಪಕ್ಕಕ್ಕೆ ಸರಿಯಲು ಬೇಕಾದಷ್ಟು ಜಾಗ ಇರುತ್ತದೆ. ಹಾಗಂತ ಇದು ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಒಂದು ಬ್ಯಾಚಿಗೂ ಇನ್ನೊಂದು ಬ್ಯಾಚಿಗೂ ವ್ಯತ್ಯಾಸ ಬಂತಾ, ಮಿಶ್ರಣ ಸರಿಯಾಗಿ ಗಟ್ಟಿಯಾಯಿತಾ ಅಂತ ನೋಡಲು ಇದಕ್ಕಿಂತ ಬೇಗನೆ ಆಗುವ, ಅಗ್ಗದ ದಾರಿ ಇನ್ನೊಂದಿಲ್ಲ. ಅಷ್ಟೇ ಅಲ್ಲ, ಶೋರ್ ಎ ಅಂಕದಿಂದ ವಸ್ತುವಿನ ಬಿಗುವನ್ನು, ಅಂದರೆ ಅದುಮಿದಾಗ ಅದು ಎಷ್ಟು ಎದುರು ನಿಲ್ಲುತ್ತದೆ ಅನ್ನುವುದನ್ನು, ಅಂದಾಜು ಮಾಡಲು ಎ. ಎನ್. ಜೆಂಟ್ ಎಂಬ ರಬ್ಬರ್ ವಿಜ್ಞಾನಿ 1958ರಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ ಶೋರ್ ಎ 20ಕ್ಕೆ ಸುಮಾರು 0.73 ಮೆಗಾಪ್ಯಾಸ್ಕಲ್, ಶೋರ್ ಎ 40ಕ್ಕೆ ಸುಮಾರು 1.7. (ಒಂದು ಮೆಗಾಪ್ಯಾಸ್ಕಲ್ ಅಂದರೆ ಸಾವಿರ ಕಿಲೋಪ್ಯಾಸ್ಕಲ್, ಎರಡೂ ಒತ್ತಡದ ಅಳತೆಗಳು.) ಅಂಕ ದುಪ್ಪಟ್ಟಾದರೆ ಬಿಗುವು ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ ಅನ್ನುವುದನ್ನು ಗಮನಿಸಿ.

ಅದುಮಿದರೆ ಹೋಗುವುದೆಲ್ಲಿಗೆ?

ಇನ್ನು ಆ ದೊಡ್ಡ ಸಂಗತಿ. ಫೋಮ್ ಒಳಗೆ ಗಾಳಿ ಇರುತ್ತದೆ. ಅದುಮಿದರೆ ಗಾಳಿಯ ಕೋಣೆಗಳು ಕುಗ್ಗಿ ಫೋಮ್ ನಿಜಕ್ಕೂ ಚಿಕ್ಕದಾಗುತ್ತದೆ. ಸಿಲಿಕೋನ್ ಒಳಗೆ ಗಾಳಿ ಇಲ್ಲ. ಅದರ ಗಾತ್ರ ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಚಪಾತಿ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಅದುಮಿದ ಹಾಗೆ, ಮೇಲಿನಿಂದ ತಗ್ಗಿದಷ್ಟೂ ಪಕ್ಕಕ್ಕೆ ಉಬ್ಬಲೇಬೇಕು. ಉಬ್ಬಲು ಜಾಗ ಇಲ್ಲದಿದ್ದರೆ ತಗ್ಗುವುದೂ ಇಲ್ಲ.

ಇದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿಯೇ ನೋಡೋಣ, ಯಾಕಂದರೆ ಇಲ್ಲಿ ಬರುವ ಅಂತರ ಸಣ್ಣದಲ್ಲ.

ರಬ್ಬರನ್ನು ಅದುಮಿ ಪರೀಕ್ಷಿಸುವ ಎಎಸ್‌ಟಿಎಂ ಡಿ575 ಮಾನದಂಡದಲ್ಲಿ ಮಾದರಿ ಒಂದು ಗುಂಡನೆಯ ಬಿಲ್ಲೆ. 28.6 ಮಿ.ಮೀ. ವ್ಯಾಸ, 12.5 ಮಿ.ಮೀ. ದಪ್ಪ. ಎರಡು ಲೋಹದ ತಟ್ಟೆಗಳ ನಡುವೆ ಇಟ್ಟು ಅದುಮುತ್ತಾರೆ. ಬಿಲ್ಲೆ ಜಾರದಿರಲಿ ಅಂತ ಮೇಲೆ ಕೆಳಗೆ ಸ್ಯಾಂಡ್‌ಪೇಪರ್ ಇಡುತ್ತಾರೆ. ಈಗ ಒತ್ತಡ ಬೀಳುವ ಮೇಲ್ಮೈಯ ವಿಸ್ತೀರ್ಣವನ್ನು ಉಬ್ಬಲು ಬಿಡುವಿರುವ ಪಕ್ಕದ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿ. ಇದನ್ನು ಆಕಾರದ ಅಂಶ ಅನ್ನಬಹುದು. ಗುಂಡನೆಯ ಬಿಲ್ಲೆಗೆ, ವ್ಯಾಸವನ್ನು ದಪ್ಪದ ನಾಲ್ಕರಷ್ಟರಿಂದ ಭಾಗಿಸಿದರೆ ಸಾಕು, ಅದೇ ಸಿಗುತ್ತದೆ. ಲ್ಯಾಬಿನ ಬಿಲ್ಲೆಗೆ ಇದು 0.57. ಇನ್ನು 60 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಹೀಲ್ ಪ್ಯಾಡಿಗೆ 3.75.

ಮೇಲೆ ಕೆಳಗೆ ಎರಡೂ ಕಡೆ ಜಾರದಂತೆ ಹಿಡಿದಿಟ್ಟ ರಬ್ಬರಿಗೆ ಎಂಜಿನಿಯರುಗಳು ಬಳಸುವ ಸೂತ್ರ ಸರಳ. ಆಕಾರದ ಅಂಶವನ್ನು ವರ್ಗ ಮಾಡಿ, ಎರಡರಿಂದ ಗುಣಿಸಿ, ಒಂದು ಕೂಡಿಸಿ. ವಸ್ತುವಿನ ಮೂಲ ಬಿಗುವು ಅಷ್ಟು ಪಟ್ಟು ಹೆಚ್ಚಿದಂತೆ ಕಾಣುತ್ತದೆ. ಲ್ಯಾಬಿನ ಬಿಲ್ಲೆಯಲ್ಲಿ ಅದು 1.65 ಪಟ್ಟು. ಹೀಲ್ ಪ್ಯಾಡಿನಲ್ಲಿ 29 ಪಟ್ಟು! ಅದೇ ಸಿಲಿಕೋನ್, ಅದೇ ಶೋರ್ ಸಂಖ್ಯೆ.

60 ಕಿಲೋ ತೂಕದ ಒಬ್ಬರು ಒಂದು ಹಿಮ್ಮಡಿಯ ಮೇಲೆ ನಿಂತರು ಅಂದುಕೊಳ್ಳಿ. ಭಾರ 60 ಮಿ.ಮೀ. ಪ್ಯಾಡ್ ಮೇಲೆ ಸಮನಾಗಿ ಹರಡಿದರೆ ಒತ್ತಡ ಸುಮಾರು 200 ಕಿಲೋಪ್ಯಾಸ್ಕಲ್. ಶೋರ್ ಎ 20 ಇರುವ 4 ಮಿ.ಮೀ. ಪ್ಯಾಡ್ ಪಕ್ಕಕ್ಕೆ ಸಲೀಸಾಗಿ ಜಾರುವಂತಿದ್ದರೆ ಅದು 1.1 ಮಿ.ಮೀ.ನಷ್ಟು ತಗ್ಗುತ್ತದೆ. ಮೇಲೆ ಕೆಳಗೆ ಪೂರ್ತಿ ಹಿಡಿದಿಟ್ಟರೆ ತಗ್ಗುವುದು ಬರೀ 0.04 ಮಿ.ಮೀ. ಅಂದರೆ ತಗ್ಗಲೇ ಇಲ್ಲ ಅನ್ನಿ.

ನಿಜವಾದ ಪಾದ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಹಿಮ್ಮಡಿ ಚಪ್ಪಟೆ ತಟ್ಟೆಯಲ್ಲ, ಅದು ಗುಂಡಗಿದೆ. ಅದರ ಮಾಂಸವೂ ಮೆತ್ತಗಿದೆ. ಕಾಲುಚೀಲ ಸ್ವಲ್ಪ ಜಾರುತ್ತದೆ. ಹಾಗಾಗಿ ಪ್ಯಾಡ್ ನಡುವೆ ಗುಳಿ ಬಿದ್ದು ಅಂಚಿನ ಕಡೆ ಏಳುತ್ತದೆ. ಆದರೂ ಪ್ಯಾಡನ್ನು ಶೂ ತಳಕ್ಕೆ ಅಂಟಿನಿಂದ ಅಂಟಿಸಿ, ಸುತ್ತ ಗಟ್ಟಿ ಅಂಚು ಕಟ್ಟಿ, ಉಬ್ಬಲು ಎಡೆಯೇ ಇಲ್ಲದಂತೆ ಮಾಡಿದರೆ ಎಷ್ಟು ಮೆತ್ತನೆಯ ಸಿಲಿಕೋನ್ ತಂದರೂ ಉಪಯೋಗ ಅಷ್ಟಕ್ಕಷ್ಟೇ. ಒಳ್ಳೆಯ ಸಿಲಿಕೋನ್ ಇನ್‌ಸೋಲ್‌ಗಳಲ್ಲಿ ತೂತು, ಜೇನುಗೂಡಿನ ಕೋಣೆ, ಸಣ್ಣ ಕಂಬಗಳ ಸಾಲು ಇರುವುದನ್ನು ನೋಡಿರುತ್ತೀರಿ. ಅವು ಚಂದಕ್ಕೆ ಇಟ್ಟದ್ದಲ್ಲ. ಸಿಲಿಕೋನ್ ಉಬ್ಬಲು ಬಿಟ್ಟ ಜಾಗ ಅವು. ದಪ್ಪವೂ ಇದೇ ಕಾರಣಕ್ಕೆ ಮುಖ್ಯ. ಮೇಲಿನ ಲೆಕ್ಕದಲ್ಲಿ ದಪ್ಪವನ್ನು 4ರಿಂದ 6 ಮಿ.ಮೀ.ಗೆ ಏರಿಸಿದರೆ 29 ಎಂಬುದು 13.5ಕ್ಕೆ ಇಳಿಯುತ್ತದೆ.

ಇದೇ ನಿಯಮ ಒಂದು ಕಡೆ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ನಮ್ಮ ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಮೆತ್ತೆ ಇದೆ, ಬೆರಳಿನಷ್ಟು ದಪ್ಪ. ಅದೂ ನೀರು, ಕೊಬ್ಬು ತುಂಬಿದ ವಸ್ತುವೇ ತಾನೇ, ಅದುಮಿದರೆ ಪಕ್ಕಕ್ಕೆ ಹರಡುತ್ತದೆ. ವಯಸ್ಸಾದಂತೆ ಅದನ್ನು ಹಿಡಿದಿಡುವ ಗೋಡೆಗಳು ಸಡಿಲವಾದರೆ ಮೂಳೆ ನೆಲಕ್ಕೆ ಹತ್ತಿರ ಬರುತ್ತದೆ. ಬಟ್ಟಲಿನಾಕಾರದ ಹೀಲ್ ಕಪ್ ಆ ಕೊಬ್ಬನ್ನು ಸುತ್ತಲಿನಿಂದ ಒತ್ತಿ ಹಿಡಿದು ಮೂಳೆಯ ಕೆಳಗೇ ಉಳಿಸುತ್ತದೆ. ಅಲ್ಲಿ ಬೇಕಾಗಿರುವುದು ಗಟ್ಟಿ ಅಂಚು. ಚಪ್ಪಟೆ ಪ್ಯಾಡಿಗೆ ದೋಷವಾದದ್ದು ಕಪ್‌ಗೆ ಗುಣ.

ಹಾಗಾಗಿ ಲ್ಯಾಬಿನ ವರದಿ ಓದುವಾಗ ನಾನು ಮೊದಲು ನೋಡುವುದು ಮಾದರಿಯ ಆಕಾರ. ಬಿಲ್ಲೆಯನ್ನು ಅದುಮಿದರೋ, ನಿಜವಾದ ಪ್ಯಾಡನ್ನು ಅದುಮಿದರೋ? ಚಪ್ಪಟೆ ತಟ್ಟೆಯಿಂದಲೋ, ಹಿಮ್ಮಡಿಯಂತೆ ಗುಂಡಗಿರುವ ಅಚ್ಚಿನಿಂದಲೋ? ಎಣ್ಣೆ ಸವರಿದ್ದರೋ, ಸ್ಯಾಂಡ್‌ಪೇಪರ್ ಇಟ್ಟಿದ್ದರೋ? ಇವುಗಳಿಗೆ ಉತ್ತರ ಇಲ್ಲದ ವರದಿಯಿಂದ ಪಾದದ ಬಗ್ಗೆ ಏನೂ ತಿಳಿಯುವುದಿಲ್ಲ.

ವೇಗ, ಮತ್ತೆ ಮತ್ತೆ, ಇಡೀ ದಿನ

ಡಿ575 ಪರೀಕ್ಷೆಯಲ್ಲಿ ಯಂತ್ರ ನಿಮಿಷಕ್ಕೆ 12 ಮಿ.ಮೀ. ವೇಗದಲ್ಲಿ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 0.2 ಮಿ.ಮೀ. ನಡೆಯುವಾಗ ಹಿಮ್ಮಡಿ ನೆಲ ಮುಟ್ಟಿದ ಮೇಲೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಪ್ಯಾಡ್ 1 ಮಿ.ಮೀ. ತಗ್ಗಿತು ಅಂದರೂ ವೇಗ ಸೆಕೆಂಡಿಗೆ 20 ಮಿ.ಮೀ. ನೂರು ಪಟ್ಟು ಜಾಸ್ತಿ ಆಯಿತಲ್ವಾ? ಸಿಲಿಕೋನ್ ಅರ್ಧ ರಬ್ಬರಿನಂತೆ, ಅರ್ಧ ದಪ್ಪ ದ್ರವದಂತೆ ವರ್ತಿಸುತ್ತದೆ. ನಿಧಾನವಾಗಿ ಅದುಮಿದರೆ ಸರಪಳಿಗಳಿಗೆ ಸರಿದುಕೊಳ್ಳಲು ಸಮಯ ಸಿಗುತ್ತದೆ. ಸಟ್ಟನೆ ಅದುಮಿದರೆ ಸಿಗುವುದಿಲ್ಲ, ಬಿಗಿಯಾಗಿ ನಿಲ್ಲುತ್ತವೆ. ಜೆಲ್ ಮೆತ್ತಗಾದಷ್ಟೂ ಈ ಗುಣ ಎದ್ದು ಕಾಣುವುದು ಸಾಮಾನ್ಯ.

ಈ ಅರ್ಧ ದ್ರವದ ಗುಣದಿಂದಲೇ ಆಘಾತ ತಗ್ಗುವುದು. ಅದುಮುವಾಗ ಎಷ್ಟು ಬಲ ಬೇಕಾಯಿತು, ಬಿಡುವಾಗ ಎಷ್ಟು ಬಲ ವಾಪಸ್ ಬಂತು ಎಂದು ಗ್ರಾಫ್ ಬರೆದರೆ ಎರಡು ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ನಡುವೆ ಒಂದು ಎಲೆಯಂಥ ಜಾಗ ಉಳಿಯುತ್ತದೆ. ಆ ಜಾಗವೇ ಪ್ಯಾಡ್ ನುಂಗಿದ ಶಕ್ತಿ, ಅದು ಬಿಸಿಯಾಗಿ ಹೋಗುತ್ತದೆ. ಎಲೆ ಅಗಲ ಇದ್ದರೆ ಪ್ಯಾಡ್ ಆಘಾತವನ್ನು ಹೀರುತ್ತದೆ, ಕಿರಿದಾಗಿದ್ದರೆ ಸ್ಪ್ರಿಂಗಿನಂತೆ ವಾಪಸ್ ತಳ್ಳುತ್ತದೆ. ಯಾವುದು ಬೇಕು ಅನ್ನುವುದು ಕಾಲಿನ ತೊಂದರೆಯ ಮೇಲೆ ನಿಂತಿದೆ. ಹಿಮ್ಮಡಿ ನೋವಿಗೆ ಮೊದಲನೆಯದು ಹಿತ. ಓಡುವವರಿಗೆ ಎರಡನೆಯದೂ ಸ್ವಲ್ಪ ಬೇಕು.

ಹೊಸ ಮಾದರಿಯನ್ನು ಮೊದಲ ಸಲ ಅದುಮಿದಾಗ ಬರುವ ಗೆರೆಯನ್ನು ನಂಬಬಾರದು. ಎರಡನೇ ಸಲ ಅದೇ ಮಾದರಿ ಸ್ವಲ್ಪ ಮೆತ್ತಗಿರುತ್ತದೆ, ಮೂರನೇ ಸಲ ಇನ್ನೊಂದು ಚೂರು ಮೆತ್ತಗೆ. ಆಮೇಲೆ ಗೆರೆಗಳು ಹೆಚ್ಚುಕಡಿಮೆ ಒಂದೇ ಕಡೆ ಕೂರುತ್ತವೆ. ಪುಡಿ ಸೇರಿಸಿದ ರಬ್ಬರುಗಳೆಲ್ಲದರಲ್ಲೂ ಇದು ಕಾಣುತ್ತದೆ. ಇದನ್ನು ಅಧ್ಯಯನ ಮಾಡಿದ ಲಿಯೊನಾರ್ಡ್ ಮಲಿನ್ಸ್ ಹೆಸರಿನಲ್ಲಿ ಮಲಿನ್ಸ್ ಪರಿಣಾಮ ಅನ್ನುತ್ತಾರೆ. ಅಂಗಡಿಯಲ್ಲಿ ಕೈಗೆ ಸಿಕ್ಕ ಪ್ಯಾಡ್ ಮೊದಲ ಗೆರೆಯ ಮೇಲಿರುತ್ತದೆ. ರಸ್ತೆ ದಾಟುವಷ್ಟರಲ್ಲಿ ಅದು ಬೇರೆ ಗೆರೆಗೆ ಬಂದಿರುತ್ತದೆ. ಅದಕ್ಕೇ ಒಳ್ಳೆಯ ಪರೀಕ್ಷೆಯಲ್ಲಿ ಮೊದಲು ಕೆಲವು ಸಲ ಅದುಮಿ ಬಿಟ್ಟು, ಆಮೇಲೆ ಅಳತೆ ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಸಾವಿರ, ಹತ್ತು ಸಾವಿರ, ಲಕ್ಷ ಸಲ ಅದುಮಿ, ಬಿಗುವು ಎಷ್ಟು ಉಳಿಯಿತು, ದಪ್ಪ ಎಷ್ಟು ಉಳಿಯಿತು ಅಂತ ನೋಡುತ್ತಾರೆ. ಲಕ್ಷ ಅಂದರೆ ದೊಡ್ಡದು ಅನ್ನಿಸಬಹುದು. ದಿನಕ್ಕೆ ಒಂದೊಂದು ಕಾಲೂ ಮೂರು ಸಾವಿರ ಹೆಜ್ಜೆ ಇಟ್ಟರೆ ಅದು ತಿಂಗಳು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ.

ಕಾಲ್ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡಿನ ಕಥೆ ಬೇರೆ. ಹೆಬ್ಬೆರಳು ವಾಲಿ ಪಕ್ಕದ ಬೆರಳನ್ನು ಒತ್ತುವಾಗ, ಬೆರಳ ಸಂದಿಯಲ್ಲಿ ಆಣಿ ಆದಾಗ ಇದನ್ನು ಹಾಕುತ್ತಾರೆ. ಇದು ಹೆಜ್ಜೆಹೆಜ್ಜೆಗೂ ಅದುಮಿ ಬಿಡುವ ವಸ್ತುವಲ್ಲ. ಶೂ ಹಾಕಿದ ಕ್ಷಣದಿಂದ ತೆಗೆಯುವ ತನಕ ಒತ್ತಡದಲ್ಲೇ ಇರುತ್ತದೆ. ಇದಕ್ಕೆ ಬೇಕಾದ್ದು ಶಾಶ್ವತ ಕುಗ್ಗುವಿಕೆಯ ಪರೀಕ್ಷೆ, ಎಎಸ್‌ಟಿಎಂ ಡಿ395 ಅಥವಾ ಐಎಸ್‌ಒ 815. 12.5 ಮಿ.ಮೀ. ದಪ್ಪದ ಬಿಲ್ಲೆಯನ್ನು 9.5 ಮಿ.ಮೀ.ಗೆ ಅದುಮಿ, ಬೋಲ್ಟ್ ಬಿಗಿದು, 22 ಅಥವಾ 70 ಗಂಟೆ ಹಾಗೇ ಬಿಡುತ್ತಾರೆ. ಆಮೇಲೆ ಬಿಚ್ಚಿ, ಅರ್ಧ ಗಂಟೆ ಬಿಟ್ಟು ಅಳೆಯುತ್ತಾರೆ. 12.2 ಮಿ.ಮೀ.ಗೆ ಮರಳಿದರೆ, ಅದುಮಿದ 3 ಮಿ.ಮೀ.ನಲ್ಲಿ 0.3 ವಾಪಸ್ ಬರಲಿಲ್ಲ, ಹಾಗಾಗಿ ಶಾಶ್ವತ ಕುಗ್ಗುವಿಕೆ 10 ಪ್ರತಿಶತ. ಚೆನ್ನಾಗಿ ಗಟ್ಟಿಯಾದ ಸಿಲಿಕೋನ್ ಈ ಪರೀಕ್ಷೆಯಲ್ಲಿ ಫೋಮ್‌ಗಳಿಗಿಂತ ಮೇಲುಗೈ ಸಾಧಿಸುತ್ತದೆ. ಚಪ್ಪಟೆಯಾಗಿ ಹಾಗೇ ಉಳಿಯುವ ಫೋಮ್ ಇನ್‌ಸೋಲ್ ನೋಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಆದರೆ ಈ ಪರೀಕ್ಷೆಯನ್ನು ಯಾವ ಉಷ್ಣತೆಯಲ್ಲಿ ಮಾಡಿದರು ಅಂತ ಕೇಳಬೇಕು. 23 ಡಿಗ್ರಿಯ ತಣ್ಣನೆಯ ಲ್ಯಾಬಿಗೂ ಶೂ ಒಳಗಿನ ಬೇಸಿಗೆಗೂ ಹೋಲಿಕೆ ಇಲ್ಲ.

ಜಾರು ಬಲವನ್ನು ಅಂದರೆ ಮುಂದಕ್ಕೂ ಹಿಂದಕ್ಕೂ ಉಜ್ಜುವ ಬಲವನ್ನು ಜನ ಮರೆಯುತ್ತಾರೆ. ನಡೆಯುವಾಗ ಇದು ಮೈಭಾರದ ಸುಮಾರು 15ರಿಂದ 20 ಪ್ರತಿಶತ ಇರುತ್ತದೆ. ಅಂಗಾಲಿನ ಮುಂಭಾಗದಲ್ಲಿ ಗುಳ್ಳೆ ಏಳುವುದು, ಚರ್ಮ ದಪ್ಪಗಟ್ಟುವುದು ಇದರಿಂದಲೇ ಜಾಸ್ತಿ. ಮೆತ್ತನೆಯ ಸಿಲಿಕೋನ್ ಚರ್ಮದ ಜೊತೆಗೇ ಸ್ವಲ್ಪ ಸರಿದು ಈ ಉಜ್ಜಾಟವನ್ನು ತಾನೇ ತೆಗೆದುಕೊಳ್ಳಬಲ್ಲದು. ಅದರ ಮೇಲ್ಮೈ ಅಂಟಂಟಾಗಿದ್ದರೆ ಮಾತ್ರ ಚರ್ಮವನ್ನೇ ಎಳೆಯುತ್ತದೆ. ಅದಕ್ಕೇ ಮೇಲೆ ಬಟ್ಟೆಯ ಹೊದಿಕೆ ಹಾಕುವುದು, ಪೌಡರ್ ಹಚ್ಚುವುದು.

ಪಕ್ಕದ ಮೇಜಿನ ಮೇಲೆ ಕಲಸಿದ ಸಿಲಿಕೋನ್

ಬೆರಳಿಗೆ ಹಾಕುವ ತುಂಡುಗಳನ್ನು ಸ್ಪೇನ್, ಬ್ರಿಟನ್‌ನಂಥ ಕಡೆ ಪೋಡಿಯಾಟ್ರಿಸ್ಟ್‌ಗಳು, ಅಂದರೆ ಪಾದದ ಚಿಕಿತ್ಸೆ ಮಾಡುವವರು, ಕ್ಲಿನಿಕ್ಕಿನಲ್ಲೇ ತಯಾರಿಸಿ ಕೊಡುತ್ತಾರೆ. ಕೆಲಸ ಕೆಲವೇ ನಿಮಿಷದ್ದು. ಮುದ್ದೆಯಂಥ ಸಿಲಿಕೋನನ್ನು ಬೇಕಾದಷ್ಟು ಕಿತ್ತುಕೊಂಡು, ಗಟ್ಟಿಯಾಗಿಸುವ ಪೇಸ್ಟ್ ಸೇರಿಸಿ, ಕೈಯಲ್ಲಿ ಒಂದೇ ಬಣ್ಣ ಬರುವ ತನಕ ನಾದುತ್ತಾರೆ. ಬೆರಳ ಸಂದಿಗೆ ಇಟ್ಟು ರೂಪ ಕೊಡುತ್ತಾರೆ, ಕಾಲನ್ನು ನಿಂತ ಭಂಗಿಯಲ್ಲಿ ಹಿಡಿಯುತ್ತಾರೆ, ಗಟ್ಟಿಯಾದ ಮೇಲೆ ತೆಗೆದು ಅಂಚು ಉಜ್ಜುತ್ತಾರೆ.

ಇಲ್ಲಿ ಕೈತಪ್ಪಲು ಜಾಗ ಬಹಳ. ಎರಡು ಮುದ್ದೆಗಳನ್ನು ಸಮಸಮ ಕಲಸುವ ಬಗೆಯಲ್ಲಿ ಅಳತೆ ಸುಲಭ. ಟ್ಯೂಬಿನಿಂದ ಹಿಂಡುವ ಪೇಸ್ಟಿನಲ್ಲಿ ಕೈಅಂದಾಜೇ ಅಳತೆ. ಪೇಸ್ಟ್ ಜಾಸ್ತಿ ಆದರೆ ಬೇಗ ಗಟ್ಟಿಯಾಗಿ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಕಡಿಮೆ ಆದರೆ ಒಳಗೆ ಹಸಿ ಉಳಿದು ಕೆಲವೇ ವಾರದಲ್ಲಿ ಆಕಾರ ಕೆಡುತ್ತದೆ. ಮೆತ್ತಗಾಗಲಿ ಅಂತ ಸೇರಿಸಿದ ಎಣ್ಣೆ ದಿನ ಕಳೆದಂತೆ ಹೊರಗೆ ಬರುತ್ತದೆ. ಆಗ ತುಂಡು ಮೊದಲಿಗಿಂತ ಗಟ್ಟಿ. ಪ್ಲಾಟಿನಂ ವೇಗವರ್ಧಕ ಇರುವ ಸಿಲಿಕೋನನ್ನು ಲೇಟೆಕ್ಸ್ ಗ್ಲೌಸ್ ಹಾಕಿ ಕಲಸಿದರೆ ಇನ್ನೊಂದು ಫಜೀತಿ. ಲೇಟೆಕ್ಸಿನಲ್ಲಿರುವ ಗಂಧಕ ಪ್ಲಾಟಿನಮ್ಮಿನ ಕೆಲಸವನ್ನೇ ನಿಲ್ಲಿಸುತ್ತದೆ. ಮೇಲ್ಮೈ ಎಷ್ಟು ಹೊತ್ತಾದರೂ ಅಂಟಂಟಾಗಿಯೇ ಇರುತ್ತದೆ. ಅದಕ್ಕೆ ವಿನೈಲ್ ಗ್ಲೌಸ್ ಹಾಕಬೇಕು.

ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ಪ್ರಶ್ನೆ. ಲ್ಯಾಬಿನಲ್ಲಿ ತಕ್ಕಡಿಯಲ್ಲಿ ತೂಗಿ, ನಿರ್ವಾತದಲ್ಲಿ ಗಾಳಿಗುಳ್ಳೆ ತೆಗೆದು, ಹೊಳೆಯುವ ಅಚ್ಚಿನಲ್ಲಿ ಎರಕ ಹೊಯ್ದ ಬಿಲ್ಲೆ ಒಂದು ಕಡೆ. ಕ್ಲಿನಿಕ್ಕಿನಲ್ಲಿ ಕೈಯಲ್ಲಿ ನಾದಿದ, ಗುಳ್ಳೆ ಉಳಿದ, ಅಂದಾಜಿನ ತುಂಡು ಇನ್ನೊಂದು ಕಡೆ. ಎರಡೂ ಒಂದೇ ಡಬ್ಬಿಯ ವಸ್ತು. ನನ್ನ ಪ್ರಕಾರ ಎರಡು ಬಗೆಯ ಮಾದರಿಯನ್ನೂ ಮಾಡಿ ಅಳೆಯಬೇಕು. ಮೊದಲನೆಯದು ವಸ್ತುವಿನ ಗುಣ ತೋರಿಸುತ್ತದೆ. ಎರಡನೆಯದು ರೋಗಿಯ ಕಾಲಿಗೆ ನಿಜಕ್ಕೂ ಏನು ಸಿಗುತ್ತದೆ ಅನ್ನುವುದನ್ನು ತೋರಿಸುತ್ತದೆ. ಅವೆರಡರ ನಡುವಿನ ಅಂತರವೇ ಕ್ಲಿನಿಕ್ಕಿನವರಿಗೆ ಬೇಕಾದ ಮಾಹಿತಿ.

ನೋವು ಗೊತ್ತಾಗದ ಕಾಲು

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಹಾಕಿ ನೋಡಿದರೆ ಹಿತ ಅನ್ನಿಸುತ್ತೋ ಇಲ್ಲವೋ ಕಾಲೇ ಹೇಳುತ್ತದಲ್ಲ? ಸ್ಪರ್ಶ ಚೆನ್ನಾಗಿರುವ ಕಾಲಿಗೆ ಈ ಮಾತು ಬಹುಮಟ್ಟಿಗೆ ನಿಜ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಮರಗಟ್ಟಿದ ಕಾಲು ಏನನ್ನೂ ಹೇಳುವುದಿಲ್ಲ.

ಇದನ್ನು ಜಗತ್ತಿಗೆ ಮನದಟ್ಟು ಮಾಡಿದ ಕೆಲಸ ನಡೆದದ್ದು ನಮ್ಮ ಪಕ್ಕದಲ್ಲೇ, ವೆಲ್ಲೂರಿನಲ್ಲಿ. ಡಾಕ್ಟರ್ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕಾಲು ರೋಗದಿಂದ ತಾನಾಗಿ ಕೊಳೆಯುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ನೋವು ಗೊತ್ತಾಗದೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬೀಳುವುದೇ ಹುಣ್ಣಿಗೆ ಕಾರಣ ಅಂತ ಬ್ರ್ಯಾಂಡ್ ತೋರಿಸಿದರು. ಮುಂದೆ ಅಮೆರಿಕದ ಕುಷ್ಠರೋಗ ಆಸ್ಪತ್ರೆಯಿದ್ದ ಕಾರ್ವಿಲ್‌ನಲ್ಲಿ ಇಲಿಗಳ ಅಂಗಾಲಿನ ಮೇಲೆ ಯಂತ್ರದಿಂದ ದಿನವೂ ಸಾಧಾರಣ ಒತ್ತಡ ಕೊಡುವ ಪ್ರಯೋಗಗಳಲ್ಲೂ ಇದೇ ಕಂಡಿತು. ಒಂದು ಸಲಕ್ಕೆ ಏನೂ ಮಾಡದ ಒತ್ತಡ ದಿನಗಟ್ಟಲೆ ಮರುಕಳಿಸಿದಾಗ ಊತ ತಂದು, ಕೊನೆಗೆ ಹುಣ್ಣು ಮಾಡಿತು.

ಕುಷ್ಠ ಮತ್ತು ಸಕ್ಕರೆ ಕಾಯಿಲೆಯ ಪಾದಗಳಿಗೆ ಭಾರತದಲ್ಲಿ ಎಂಸಿಆರ್ ಚಪ್ಪಲಿ ಬಳಕೆಗೆ ಬಂದದ್ದು ಈ ತಿಳಿವಳಿಕೆಯಿಂದಲೇ. ಎಂಸಿಆರ್ ಅಂದರೆ ಸಣ್ಣ ಸಣ್ಣ ಗಾಳಿಕೋಣೆ ತುಂಬಿದ ರಬ್ಬರ್. ಅದಕ್ಕೆ ಶೋರ್ ಎ ಮಾಪಕದಲ್ಲಿ ಸುಮಾರು 15 ಗಡಸುತನ ಇರಲಿ ಅನ್ನುತ್ತಾರೆ. ಗಾಳಿ ಇರುವುದರಿಂದ ಮೇಲೆ ಹೇಳಿದ ಉಬ್ಬುವ ತಾಪತ್ರಯ ಇದಕ್ಕಿಲ್ಲ. ಅದೇ 15 ಶೋರ್ ಸಿಲಿಕೋನ್ ತಂದು ಎಂಸಿಆರ್ ಜಾಗದಲ್ಲಿ ಹಾಕಿದರೆ ಅದೇ ಫಲ ಸಿಗುತ್ತದೆ ಅಂತ ಭಾವಿಸುವುದು ಅಪಾಯ. ಅಂಕ ಒಂದೇ, ಪಾದದ ಕೆಳಗಿನ ವರ್ತನೆ ಬೇರೆ.

ಹಾಗಾಗಿ ಮರಗಟ್ಟಿದ ಕಾಲಿನ ವಿಷಯದಲ್ಲಿ ಕೊನೆಯ ಪರೀಕ್ಷೆ ಶೂ ಒಳಗೇ ನಡೆಯಬೇಕು. ಕಾಗದದಷ್ಟು ತೆಳ್ಳನೆಯ ಸೆನ್ಸರ್ ಹಾಳೆಯನ್ನು ಪಾದ ಮತ್ತು ಇನ್‌ಸೋಲ್ ನಡುವೆ ಇಟ್ಟು ನಡೆಸುತ್ತಾರೆ. ಎಲ್ಲೆಲ್ಲಿ ಎಷ್ಟು ಒತ್ತಡ ಅನ್ನುವುದು ಪರದೆಯ ಮೇಲೆ ಬಣ್ಣಗಳಲ್ಲಿ ಬರುತ್ತದೆ. ಡಯಾಬಿಟಿಕ್ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿ ಇದಕ್ಕೆ ಒಂದು ಗುರಿ ಕೊಟ್ಟಿದೆ. ಅಂಗಾಲಿನಲ್ಲಿ ಹುಣ್ಣಾಗಿ ವಾಸಿಯಾದವರ ಪಾದರಕ್ಷೆಯಲ್ಲಿ, ಅಪಾಯದ ಜಾಗದ ಗರಿಷ್ಠ ಒತ್ತಡ 30 ಪ್ರತಿಶತವಾದರೂ ಇಳಿಯಬೇಕು, ಇಲ್ಲವೇ 200 ಕಿಲೋಪ್ಯಾಸ್ಕಲ್‌ಗಿಂತ ಕೆಳಗಿರಬೇಕು.

ಆ ಗುರಿ ಮುಟ್ಟಲು ಮೆತ್ತನೆಯ ವಸ್ತುವೇ ಬೇಕು ಅಂತೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್ ಸೇರಿ ತಯಾರಿಸಿದ ಪಾದರಕ್ಷೆ 2022ರಲ್ಲಿ ಸುದ್ದಿಯಾಯಿತು. ಅದರ ತಳದಲ್ಲಿ ಬಾಗಿದ ಸಣ್ಣ ರಚನೆಗಳಿವೆ. ಒತ್ತಡ ಒಂದು ಮಿತಿ ದಾಟಿದರೆ ಆ ಜಾಗದ ರಚನೆ ಪಟ್ಟನೆ ಮಡಚಿಕೊಂಡು ಭಾರವನ್ನು ಅಕ್ಕಪಕ್ಕಕ್ಕೆ ದಾಟಿಸುತ್ತದೆ. ಒತ್ತಡ ಹೋದರೆ ಮತ್ತೆ ಮೊದಲಿನಂತೆ. ವಸ್ತುವಿನ ಮೆತ್ತನೆಯ ಗುಣಕ್ಕಿಂತ ಅದರ ಆಕಾರಕ್ಕೆ ಕೆಲಸ ವಹಿಸಿದ ಈ ಯೋಚನೆ ನನಗೆ ತುಂಬ ಹಿಡಿಸಿತು.

ಹೀಲ್ ಪ್ಯಾಡ್ ಕೊಳ್ಳುವವರು ಲ್ಯಾಬಿಗೆ ಹೋಗಬೇಕಾಗಿಲ್ಲ. ದಪ್ಪ ಎಷ್ಟು, ಶೋರ್ ಸಂಖ್ಯೆ ಯಾವ ಮಾಪಕದ್ದು, ಉಬ್ಬಲು ತೂತು ಅಥವಾ ಕೋಣೆ ಇದೆಯಾ ಅಂತ ನೋಡಿದರೆ ಬಹಳವಾಯಿತು. ಕಾಲಲ್ಲಿ ಸ್ಪರ್ಶ ಕಡಿಮೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಯಾವ ಪ್ಯಾಡನ್ನೂ ಹಾಕಬಾರದು. ಡಾಕ್ಟರು ಕೊಟ್ಟ ಹೊಸ ಇನ್‌ಸೋಲನ್ನೂ ಮೊದಲ ದಿನ ಸ್ವಲ್ಪ ಹೊತ್ತು ಹಾಕಿ, ತೆಗೆದು, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕೆಂಪಾದ ಜಾಗ ಅರ್ಧ ಗಂಟೆಯಾದರೂ ಇಳಿಯದಿದ್ದರೆ, ಆ ಇನ್‌ಸೋಲನ್ನು ಶೂ ಸಮೇತ ತೆಗೆದುಕೊಂಡು ಕ್ಲಿನಿಕ್ಕಿಗೆ ವಾಪಸ್ ಹೋಗಬೇಕು.